ತೀರ್ಪಿಗೂ ಮೊದಲೇ ಮ್ಯಾಂಚೆಸ್ಟರ್ ಸಿಟಿಯ 115 ಆರೋಪಗಳ ಮಾತು ಬೇಕಾ?

ಪರ: ಗೆಲುವಿನ ಸುದ್ದಿಯಲ್ಲೇ ಹೇಳಬೇಕು

ಇಸ್ತಾಂಬುಲ್‌ನಲ್ಲಿ ಯುರೋಪಿನ ದೊಡ್ಡ ಫುಟ್‌ಬಾಲ್ ಕಪ್ ಚಾಂಪಿಯನ್ಸ್ ಲೀಗ್‌ನ ಫೈನಲ್ ದಿನ ಸಿಟಿಯ ರೋಡ್ರಿ ಗೋಲು ಹೊಡೆದಾಗ ನಮ್ಮಲ್ಲಿ ರಾತ್ರಿ ಎರಡು ಗಂಟೆ ಸುಮಾರು. 2023ರ ಜೂನ್. ಮನೆಯವರಿಗೆ ಎಚ್ಚರವಾಗಬಾರದು ಅಂತ ದಿಂಬಿಗೆ ಮುಖ ಒತ್ತಿ ಕೂಗಿದವನು ನಾನು. ಮ್ಯಾಂಚೆಸ್ಟರ್ ಸಿಟಿ ಒಂದೇ ಸೀಸನ್ನಿನಲ್ಲಿ ಮೂರು ಕಪ್ ಗೆದ್ದಿತ್ತು. ಆಟ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಮರುದಿನ ನಾನು ಓದಿದ ವರದಿಗಳಲ್ಲಿ ಕೋಚ್ ಗ್ವಾರ್ಡಿಯೊಲಾ ಜಾಣತನವಿತ್ತು, ಆಟಗಾರ ಹಾಲಂಡ್ ಗೋಲುಗಳ ಲೆಕ್ಕವಿತ್ತು. ದುಡ್ಡಿನ ಲೆಕ್ಕ ಮಾತ್ರ ಇರಲಿಲ್ಲ.

ಅದಕ್ಕೆ ನಾಲ್ಕೇ ತಿಂಗಳ ಹಿಂದೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಈ ಕ್ಲಬ್ ಮೇಲೆ ನೂರಕ್ಕೂ ಜಾಸ್ತಿ ಆರೋಪ ಹೊರಿಸಿತ್ತು. 115 ಅಂತಲೇ ಎಲ್ಲರ ಬಾಯಲ್ಲಿದೆ. 2009ರಿಂದ 2018ರವರೆಗೆ ಸರಿಯಾದ ಲೆಕ್ಕಪತ್ರ ಕೊಟ್ಟಿಲ್ಲ, ಆಮೇಲೆ ತನಿಖೆಗೂ ಸಹಕರಿಸಿಲ್ಲ ಅನ್ನುವುದು ದೂರು. ಕ್ಲಬ್ ಎಲ್ಲವನ್ನೂ ಅಲ್ಲಗಳೆದಿದೆ. ಸರಿ, ಅದನ್ನೂ ಬರೆಯಿರಿ. ಆದರೆ ಬರೆಯಿರಿ.

ಅದೇ ಲೀಗಿನ ಎವರ್ಟನ್ ಕ್ಲಬ್ ನೋಡಿ. ಮಿತಿ ಮೀರಿ ನಷ್ಟ ಮಾಡಿಕೊಂಡಿದ್ದಕ್ಕೆ 2023ರ ನವೆಂಬರ್‌ನಲ್ಲಿ 10 ಅಂಕ ಕಳೆದರು, ಮೇಲ್ಮನವಿಯಲ್ಲಿ ಅದು 6 ಆಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಅದೇ ತಪ್ಪಿಗೆ 4 ಅಂಕ ಹೋಯಿತು. ಇವರ ಲೆಕ್ಕ ವರ್ಷದೊಳಗೆ ಚುಕ್ತಾ. ಸಿಟಿ ವಿಚಾರಣೆ ಶುರುವಾಗಿದ್ದೇ 2024ರ ಸೆಪ್ಟೆಂಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಮುಗಿದ ಮೇಲೂ ತಿಂಗಳುಗಟ್ಟಲೆ ಕಾಯುವುದೇ ಆಯಿತು. ಅಷ್ಟು ಕಾಲ ಬಾಯಿ ಮುಚ್ಚಿಕೊಂಡಿರಿ ಅಂದರೆ, ಕೇಸು ಎಳೆದಷ್ಟೂ ಲಾಭ ಅಂತಾಯಿತು, ಅಲ್ವಾ?

ಆರೋಪ ಇರುವ ವರ್ಷಗಳಲ್ಲೇ, 2014ರಲ್ಲಿ, ಲಿವರ್‌ಪೂಲ್ ಎರಡೇ ಅಂಕದಿಂದ ಸಿಟಿಗೆ ಲೀಗ್ ಬಿಟ್ಟುಕೊಟ್ಟಿತು. ಅದರ ನಾಯಕ ಸ್ಟೀವನ್ ಜೆರಾರ್ಡ್ ಆಟಗಾರನಾಗಿ ಒಮ್ಮೆಯೂ ಪ್ರೀಮಿಯರ್ ಲೀಗ್ ಗೆಲ್ಲದೆ ನಿವೃತ್ತರಾದರು. ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ವಿರೋಧ: ತೀರ್ಪು ಬರಲಿ

ಈ ಕಡೆ ಬರೆಯಿರಿ ಅಂತ ನನ್ನನ್ನು ಕೇಳಿದರು. ಸುದ್ದಿಯೇ ಬೇಡ ಅಂತ ನಾನೂ ಹೇಳಲಾರೆ. ಆದರೆ ಪ್ರತಿ ಗೆಲುವಿಗೂ 115 ಅಂತ ಬಾಲ ಕಟ್ಟುವುದು ತಪ್ಪು. 2020ರ ಫೆಬ್ರವರಿಯಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ, ದುಡ್ಡಿನ ನಿಯಮ ಮುರಿದಿದೆ ಅಂತ, ಇದೇ ಕ್ಲಬ್ಬಿಗೆ ತನ್ನ ಟೂರ್ನಿಗಳಿಂದ ಎರಡು ವರ್ಷ ನಿಷೇಧ ಹಾಕಿತ್ತು. ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ರದ್ದು ಮಾಡಿತು. ಅಷ್ಟರಲ್ಲಿ ಬೈಯುವವರೆಲ್ಲ ಬೈದಾಗಿತ್ತು.

ನಮ್ಮ ಚಿಕ್ಕಪ್ಪ ಊರಿನ ಹಾಲಿನ ಡೈರಿ ಸೆಕ್ರೆಟರಿ ಆಗಿದ್ದರು. ಲೆಕ್ಕದಲ್ಲಿ ವ್ಯತ್ಯಾಸ ಅಂತ ಯಾರೋ ದೂರು ಕೊಟ್ಟರು. ಸ್ಥಳೀಯ ಪತ್ರಿಕೆಯಲ್ಲಿ ಫೋಟೊ ಸಮೇತ ಬಂತು. ಮಾರನೇ ದಿನ ಬೆಳಿಗ್ಗೆ ಕ್ಯಾನ್ ಹಿಡಿದು ಸಾಲಲ್ಲಿ ನಿಂತವರು ಫ್ಯಾಟ್ ಎಷ್ಟು ಅಂತ ಎರಡೆರಡು ಸಲ ನೋಡಿಸಿದರು. ಇಪ್ಪತ್ತು ವರ್ಷ ಅವರ ಕೈಗೇ ಹಾಲು ಅಳೆದವರು! ಹದಿನಾಲ್ಕು ತಿಂಗಳಾದ ಮೇಲೆ ಆಡಿಟ್‌ನಲ್ಲಿ ಗೊತ್ತಾಯಿತು, ಕೂಡಿಸುವಾಗ ಒಂದು ಪುಟ ಬಿಟ್ಟುಹೋಗಿತ್ತು. ಅದು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಚಿಕ್ಕಪ್ಪ ಮತ್ತೆ ಡೈರಿ ಕಡೆ ಕಾಲಿಡಲಿಲ್ಲ. ಈಗಲೂ ಮನೆಯ ಹಾಲನ್ನು ಚಿಕ್ಕಮ್ಮನೇ ಹಾಕಿ ಬರುತ್ತಾರೆ.