ಉದ್ಯಾನದ ಹುಲ್ಲಿನ ಮೇಲೆ ಲಾರಿ ಹತ್ತಿಸಲು ಒಪ್ಪಿಗೆ ಕೊಟ್ಟವರು ಯಾರು?

ಬೆಂಗಳೂರಿನ ನಮ್ಮ ಬಡಾವಣೆಯ ಉದ್ಯಾನದಲ್ಲಿ ಈಚೆಗೆ ನಡೆದ ಸಂಗೀತ ಸಂಜೆಗೆ ನೀಡಿದ್ದ ಅನುಮತಿ ಪತ್ರವನ್ನು ನಾನು ಕೇಳಿ ಪಡೆದು ಓದಿದ್ದೇನೆ. ಎಷ್ಟು ಜನ ಸೇರುತ್ತಾರೆ, ವಾಹನಗಳನ್ನು ಎಲ್ಲಿ ನಿಲ್ಲಿಸುತ್ತಾರೆ, ಬೆಂಕಿ ಹೊತ್ತಿಕೊಂಡರೆ ಏನು ವ್ಯವಸ್ಥೆ, ಕಸವನ್ನು ಯಾರು ಎತ್ತಬೇಕು, ಠೇವಣಿ ಎಷ್ಟು ಎಂಬುದೆಲ್ಲ ಅದರಲ್ಲಿದೆ. ಮಣ್ಣು ಎಂಬ ಪದ ಒಂದೇ ಒಂದು ಕಡೆಯೂ ಇಲ್ಲ. ಮರದ ಬೇರು, ಹಕ್ಕಿಯ ಗೂಡು, ರಾತ್ರಿಯ ಕತ್ತಲೆ, ಇವು ಯಾವುದರ ಪ್ರಸ್ತಾಪವೂ ಇಲ್ಲ. ಉದ್ಯಾನವೆಂದರೆ ಖಾಲಿ ಬಿದ್ದ ಜಾಗ, ಅದನ್ನು ಮದುವೆ ಮಂಟಪದ ಹಾಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡಬಹುದು ಎಂದು ತಿಳಿದವರು ಮಾತ್ರ ಇಂಥ ಪತ್ರಕ್ಕೆ ಸಹಿ ಹಾಕಬಲ್ಲರು.

ಕಾರ್ಯಕ್ರಮ ಮುಗಿದ ಮೇಲೆ ಅಲ್ಲಿ ಉಳಿದದ್ದನ್ನು ಹೋಗಿ ನೋಡಿ. ವೇದಿಕೆಯ ಕಬ್ಬಿಣದ ಸಾಮಾನು ಹೊತ್ತ ಲಾರಿಗಳು ಹುಲ್ಲುಹಾಸಿನ ಮೇಲೆ ಹಾದ ಜಾಗದಲ್ಲಿ ಗೇಣುದ್ದದ ತಗ್ಗು ಬಿದ್ದು, ಅದರಲ್ಲಿ ನಿಂತ ನೀರು ಮೂರು ದಿನವಾದರೂ ಇಂಗಿರಲಿಲ್ಲ. ಹೊಂಗೆ ಮರಗಳ ಕಾಂಡಕ್ಕೆ ಕೇಬಲ್ ಕಟ್ಟಲು ಹೊಡೆದ ಮೊಳೆಗಳು ಹಾಗೆಯೇ ಇದ್ದವು. ಕೊನೆಯ ಹಾಡಿಗೆ ಗಾಳಿಯಲ್ಲಿ ಹಾರಿಸಿದ ಮಿರುಗುವ ಪ್ಲಾಸ್ಟಿಕ್ ಚೂರುಗಳು ಹುಲ್ಲಿನ ಬುಡದೊಳಗೆ ಸೇರಿಕೊಂಡಿದ್ದವು. ಪೊರಕೆಗೆ ಸಿಗದ ಅವನ್ನು ಇಬ್ಬರು ಹೆಂಗಸರು ಕುಕ್ಕರುಗಾಲಿನಲ್ಲಿ ಕೂತು ಬೆರಳಿನಿಂದ ಒಂದೊಂದಾಗಿ ಹೆಕ್ಕುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರು, "ಎಷ್ಟು ನೀರು ಬಿಟ್ರೂ ಒಳಕ್ಕೆ ಇಳೀತಿಲ್ಲ ಸಾರ್, ನೆಲ ಸತ್ತೋಗೈತೆ" ಎಂದರು. ಅನುಮತಿ ಕೊಟ್ಟ ಕಚೇರಿಯಲ್ಲಿ ಯಾರಿಗೂ ಹೊಳೆಯದ ಸಂಗತಿಯನ್ನು ಗುತ್ತಿಗೆ ಕೂಲಿಯ ಆ ತಾಯಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಮರದ ಬೇರು ಆಳಕ್ಕೆ ಇಳಿದಿರುತ್ತದೆ, ಮೇಲೆ ಏನು ನಡೆದರೂ ಅದಕ್ಕೆ ತಟ್ಟುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ನೀರನ್ನೂ ಪೋಷಕಾಂಶವನ್ನೂ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲ್ಪದರದ ಸುಮಾರು 30 ಸೆಂಟಿಮೀಟರಿನೊಳಗೇ ಇರುತ್ತವೆ ಮತ್ತು ಕೊಂಬೆಗಳ ಹರವನ್ನೂ ದಾಟಿ ಆಚೆಗೆ ಹಬ್ಬಿರುತ್ತವೆ. ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಾಳಿ ಮತ್ತು ನೀರು ಓಡಾಡುವ ಸಂದುಗಳೇ ಆಗಿರುತ್ತವೆ. ಬೇರು ಉಸಿರಾಡುವುದು, ಎರೆಹುಳು ಬದುಕುವುದು, ಮಳೆ ಇಂಗುವುದು ಎಲ್ಲವೂ ಆ ಸಂದುಗಳಿಂದಲೇ. ತುಂಬಿದ ಲಾರಿಯೊಂದು ಅದರ ಮೇಲೆ ಮೊದಲ ಸಲ ಹಾದಾಗಲೇ ಆ ಸಂದುಗಳ ದೊಡ್ಡ ಪಾಲು ಮುಚ್ಚಿಹೋಗುತ್ತದೆ, ಅದರಲ್ಲೂ ನೆಲ ಒದ್ದೆಯಾಗಿದ್ದರೆ ಹಾನಿಗೆ ಮಿತಿಯೇ ಇರುವುದಿಲ್ಲ. ಅದರ ಮೇಲೆ ಸಾವಿರಾರು ಕಾಲುಗಳು ತಾಸುಗಟ್ಟಲೆ ಕುಣಿಯುತ್ತವೆ. ಹುಲ್ಲಿನ ಹಾಸನ್ನು ತಂದು ಹೊದಿಸಿ "ಮೊದಲಿನಂತೆ ಮಾಡಿಕೊಟ್ಟಿದ್ದೇವೆ" ಎಂದು ಆಯೋಜಕರು ಠೇವಣಿ ಹಿಂದಕ್ಕೆ ಪಡೆಯುತ್ತಾರೆ, ಅಡಿಯ ಮಣ್ಣು ಮಾತ್ರ ವರ್ಷಗಟ್ಟಲೆ ಚೇತರಿಸಿಕೊಳ್ಳುವುದಿಲ್ಲ.

ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ಸಂಗತಿಯೆಂದರೆ ಈ ಹಾನಿ ಕೂಡಲೇ ಕಣ್ಣಿಗೆ ಕಾಣುವುದಿಲ್ಲ. ಬೇರು ಉಸಿರುಗಟ್ಟಿದ ಮರ ಮರುದಿನವೇ ಸಾಯುವುದಿಲ್ಲ. ಕೆಲವು ವರ್ಷಗಳಲ್ಲಿ ನೆತ್ತಿಯ ಕೊಂಬೆಗಳಿಂದ ಒಣಗುತ್ತಾ ಬಂದು, ಬುಡ ಸಡಿಲವಾಗಿ, ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಒಂದು ಸಂಜೆ ಉರುಳುತ್ತದೆ. ಆಗ ಮಳೆಯನ್ನು ದೂರುತ್ತೇವೆ, ಮರದ ಜಾತಿಯನ್ನು ದೂರುತ್ತೇವೆ, ಉಳಿದ ಮರಗಳೂ ಅಪಾಯಕಾರಿ ಎಂದು ಕೊಡಲಿ ತರುತ್ತೇವೆ. ಹಿಂದೆ ಆ ಬುಡದಲ್ಲಿ ಡೀಸೆಲ್ ಜನರೇಟರಿನ ಲಾರಿ ಇಡೀ ರಾತ್ರಿ ನಿಂತಿತ್ತೆಂಬುದನ್ನು ನೆನಪಿಡುವವರು ಯಾರು? ಇನ್ನು ನೀರಿನ ಮಾತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಪರದಾಡಿದ ಊರು ನಮ್ಮದು. ಕಾಂಕ್ರೀಟಿನ ನಡುವೆ ಮಳೆ ನೀರು ನೆಲಕ್ಕೆ ಇಳಿಯುವ ಜಾಗಗಳಾಗಿ ಉಳಿದಿರುವುದೇ ಉದ್ಯಾನಗಳು, ಅವನ್ನೂ ತುಳಿದು ಗಟ್ಟಿ ಮಾಡುತ್ತಿದ್ದೇವೆ.

ಮಳೆ ಬರುವುದಿಲ್ಲ ಎಂಬ ಧೈರ್ಯದಿಂದ ಆಯೋಜಕರು ಡಿಸೆಂಬರಿನಿಂದ ಮಾರ್ಚ್‌ವರೆಗಿನ ತಿಂಗಳುಗಳನ್ನು ಆರಿಸಿಕೊಳ್ಳುತ್ತಾರೆ. ನಮ್ಮ ಊರಿನ ಅನೇಕ ಹಕ್ಕಿಗಳು ಗೂಡು ಕಟ್ಟುವುದೂ ಸರಿಯಾಗಿ ಇದೇ ಕಾಲದಲ್ಲಿ. ಹದ್ದುಗಳು ಎತ್ತರದ ಮರಗಳಲ್ಲಿ ಕಾವು ಕೂತಿರುತ್ತವೆ, ಕುಟ್ರು ಹಕ್ಕಿಗಳು ಒಣಗಿದ ಕೊಂಬೆಯಲ್ಲಿ ಪೊಟರೆ ಕೊರೆಯುತ್ತಿರುತ್ತವೆ, ಗಿಳಿಗಳೂ ಹಾಲಕ್ಕಿಗಳೂ ಹಳೆಯ ಪೊಟರೆಗಳನ್ನು ಹುಡುಕುತ್ತಿರುತ್ತವೆ. ಜನರ ತಲೆಯ ಮೇಲೆ ಬಿದ್ದೀತು ಎಂದು ಕಾರ್ಯಕ್ರಮಕ್ಕೆ ಮುಂಚೆ ಕತ್ತರಿಸಿ ಹಾಕುವುದು ಅದೇ ಒಣಕೊಂಬೆಗಳನ್ನು. ಬಾವಲಿಗಳು ಆಹಾರಕ್ಕೆ ಹೊರಡುವುದು ಮುಸ್ಸಂಜೆಯಲ್ಲಿ, ವೇದಿಕೆಯ ಬೆಳಕಿನ ಕೋಲುಗಳು ಆಕಾಶವನ್ನು ತಿವಿಯಲು ಶುರುವಾಗುವುದೂ ಅದೇ ಹೊತ್ತಿಗೆ.

ಸದ್ದಿನ ಬಗ್ಗೆ ದೂರು ಕೊಟ್ಟರೆ ಸಿಗುವ ಉತ್ತರ ಸಿದ್ಧವಾಗಿದೆ: "ಮೀಟರಿನಲ್ಲಿ ಮಿತಿಯೊಳಗೇ ಇದೆ." 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ, ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಆ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಈ ಅಳತೆ ಮನುಷ್ಯನ ಕಿವಿಯ ಸೂಕ್ಷ್ಮತೆಗೆ ಹೊಂದಿಸಿದ್ದು, ತಗ್ಗು ಸ್ವರಗಳನ್ನು, ಅಂದರೆ ದೊಡ್ಡ ಡೋಲಿನಂಥ ದಪ್ಪ ಸದ್ದನ್ನು, ಅದು ತೀರ ಕಡಿಮೆಯಾಗಿ ಲೆಕ್ಕ ಹಿಡಿಯುತ್ತದೆ; 50 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ, ಗುಡುಗಿನಂಥ ಸದ್ದಿನಿಂದ ಸುಮಾರು 30 ಡೆಸಿಬಲ್‌ಗಳನ್ನು ಕಳೆದೇ ತೋರಿಸುತ್ತದೆ. ಈಗಿನ ಕಾರ್ಯಕ್ರಮಗಳಲ್ಲಿ ಗೋಡೆ ದಾಟಿ ಬಂದು ಕಿಟಕಿಯ ಗಾಜನ್ನು ನಡುಗಿಸುವುದು, ಹಾಸಿಗೆ ಹಿಡಿದ ವೃದ್ಧರ ಎದೆಗೆ ಬಡಿಯುವುದು ಆ ತಗ್ಗು ಸ್ವರವೇ. ಹೀಗಿರುವಾಗ ಮೀಟರನ್ನು ತೋರಿಸಿ ನಮ್ಮ ಬಾಯಿ ಮುಚ್ಚಿಸುವುದು ಯಾವ ನ್ಯಾಯ?

ಸಂಗೀತದ ವಿರೋಧಿಗಳೆಂದು ನಮ್ಮನ್ನು ಹೀಗಳೆಯುವವರಿಗೆ ಹೇಳುತ್ತೇನೆ, ಬಯಲಿನ ಸಂಗೀತ ಈ ಊರಿಗೆ ಹೊಸದಲ್ಲ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಡಿ ನಡೆಯುವ ರಾಮನವಮಿ ಸಂಗೀತೋತ್ಸವ ಆರಂಭವಾದದ್ದು 1939ರಲ್ಲಿ. ಅದು ನಡೆಯುವುದು ಮೈದಾನದಲ್ಲಿ, ಮರಗಳ ಬೇರಿನ ಮೇಲಲ್ಲ. ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಬ್ರಿಟಿಷರ ಕಾಲದಲ್ಲಿ ಸೇನೆಯ ವಾದ್ಯವೃಂದ ನುಡಿಸುತ್ತಿತ್ತು, ಕೇಳುವವರು ಹತ್ತಿರ ಹೋಗಿ ಕೇಳುತ್ತಿದ್ದರು. ನಾವು ಬೇಡವೆನ್ನುತ್ತಿರುವುದು ಲಾರಿಗಳನ್ನು, ಜನರೇಟರುಗಳನ್ನು, ಮನೆಯೆತ್ತರದ ಧ್ವನಿವರ್ಧಕಗಳನ್ನು. ಎಷ್ಟೇ ಹಣವಿರುವ ಊರೂ ಈ ಪೆಟ್ಟಿನಿಂದ ತಪ್ಪಿಸಿಕೊಂಡಿಲ್ಲ: ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 2023ರ ಸೆಪ್ಟೆಂಬರಿನಲ್ಲಿ ಮಳೆಯ ನಡುವೆ ನಡೆದ ಒಂದು ಸಂಗೀತ ಸಮಾರಂಭದ ಬಳಿಕ ಅಲ್ಲಿಯ ದೊಡ್ಡ ಹುಲ್ಲುಹಾಸನ್ನು ಮರುವರ್ಷದ ಏಪ್ರಿಲ್‌ವರೆಗೆ ಮುಚ್ಚಬೇಕಾಯಿತು. ಅಲ್ಲಿ ಮುಚ್ಚಿ ದುರಸ್ತಿಯನ್ನಾದರೂ ಮಾಡಿದರು. ನಮ್ಮಲ್ಲಿ ಮರುವಾರವೇ ಇನ್ನೊಂದು ಶಾಮಿಯಾನ ಏಳುತ್ತದೆ.

ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ, ಮರಗಳಿಗೆಂದು 1976ರ ಕಾಯ್ದೆ ಇದೆ. ಆದ್ದರಿಂದ ನಿವಾಸಿಗಳ ಪರವಾಗಿ ಕೊಟ್ಟ ಮನವಿಯಲ್ಲಿ ನಾವು ಹೊಸದೇನನ್ನೂ ಕೇಳಿಲ್ಲ. ಹುಲ್ಲಿನ ಮೇಲೆ, ಮರಗಳ ನೆರಳಿನಡಿ ಯಾವ ವಾಹನವೂ ಬರಬಾರದು; ಗೂಡು ಕಟ್ಟುವ ತಿಂಗಳುಗಳಲ್ಲಿ ಧ್ವನಿವರ್ಧಕದ ಕಾರ್ಯಕ್ರಮಗಳಿಗೆ ಅನುಮತಿ ಇರಬಾರದು; ಸದ್ದನ್ನು ಅಳೆಯುವಾಗ ತಗ್ಗು ಸ್ವರವನ್ನು ಬೇರೆಯಾಗಿ ಅಳೆದು ದಾಖಲಿಸಬೇಕು; ಕಾರ್ಯಕ್ರಮದ ಮೊದಲು ಮತ್ತು ನಂತರ ಮಣ್ಣಿನ ಗಡಸುತನವನ್ನು ತೋಟಗಾರಿಕೆ ಬಲ್ಲವರು ಪರೀಕ್ಷಿಸಿದ ಮೇಲೆಯೇ ಠೇವಣಿ ಹಿಂತಿರುಗಿಸಬೇಕು. ಬರುವ ತಿಂಗಳು ಇದೇ ಉದ್ಯಾನದಲ್ಲಿ ಇನ್ನೊಂದು ಸಂಗೀತ ಸಂಜೆಗೆ ಅರ್ಜಿ ಬಂದಿದೆಯೆಂದು ಕಚೇರಿಯಲ್ಲಿ ಹೇಳುತ್ತಿದ್ದಾರೆ. ಅದಕ್ಕೆ ಸಹಿ ಹಾಕುವ ಮೊದಲು ನಮ್ಮ ಮನವಿಗೆ ಲಿಖಿತ ಉತ್ತರ ಕೊಡಬೇಕು.