ಸತ್ತ ಸೆಕ್ಷನ್ನಿನ ನಿಷ್ಠಾವಂತ ಸೇವಕರು

ನಮ್ಮ ಪೊಲೀಸರ ಸ್ವಾಮಿನಿಷ್ಠೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ಆನ್‌ಲೈನ್ ಸಂದೇಶಗಳಿಂದ ಕಿರಿಕಿರಿ ಮಾಡುವುದನ್ನೂ ಅಪರಾಧವೆನ್ನುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ಎಯನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಗೊಳಿಸಿದ ಮೇಲೂ, ತೀರಿಕೊಂಡ ಯಜಮಾನನ ಹೆಸರಿನಲ್ಲಿ ಬಾಡಿಗೆ ವಸೂಲಿ ಮಾಡುತ್ತಲೇ ಇರುವ ಹಳೆಯ ಗುಮಾಸ್ತನಂತೆ, ಅವರು ಅದರಡಿ ಎಫ್‌ಐಆರ್ ದಾಖಲಿಸುತ್ತಲೇ ಹೋದರು. 2021ರ ಮಾರ್ಚ್‌ನಲ್ಲಿ 11 ರಾಜ್ಯಗಳಲ್ಲಿ ಇಂಥ 745 ಪ್ರಕರಣಗಳು ಬಾಕಿ ಇದ್ದವೆಂದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ನ್ಯಾಯಾಲಯದ ಮುಂದೆ ಲೆಕ್ಕ ಒಪ್ಪಿಸಿತು.

ಕೇಂದ್ರ ಸರ್ಕಾರದ ಪರ ವಾದಿಸುವ ಅಟಾರ್ನಿ ಜನರಲ್ ಆಗ ಕೊಟ್ಟ ವಿವರಣೆ ಚಿನ್ನದ ಚೌಕಟ್ಟಿಗೆ ಯೋಗ್ಯವಾದದ್ದು: ಕಾಯ್ದೆಯ ಪುಸ್ತಕದಲ್ಲಿ ಸೆಕ್ಷನ್ ಹಾಗೆಯೇ ಅಚ್ಚಾಗಿದೆ, ರದ್ದಾದ ಸಂಗತಿ ಅಡಿಟಿಪ್ಪಣಿಯಲ್ಲಿ ಮಾತ್ರ ಇದೆ. ಕಾನೂನು ತಿಳಿದಿರಲಿಲ್ಲ ಎಂದರೆ ನಾಗರಿಕನಿಗೆ ಕ್ಷಮೆಯಿಲ್ಲ; ಠಾಣಾಧಿಕಾರಿ ಮಾತ್ರ ಪುಟದ ಬುಡದವರೆಗೂ ಓದುವ ಕಷ್ಟ ತೆಗೆದುಕೊಳ್ಳಬೇಕಾಗಿಲ್ಲ. ಬದುಕಿದ್ದಾಗಲಾದರೂ ಆ ಸೆಕ್ಷನ್ನಿಗೆ ಅರ್ಥವಿತ್ತೇ? ಕಿರಿಕಿರಿ, ಅನನುಕೂಲ ಎಂಬಂಥ ಅಳತೆಯಿಲ್ಲದ ಪದಗಳಿಗೆ ಮೂರು ವರ್ಷಗಳವರೆಗೆ ಸೆರೆವಾಸ. ಅದನ್ನು ಅಕ್ಷರಶಃ ಜಾರಿಗೊಳಿಸಿದ್ದರೆ, ಬೆಳಗಿನ ಐದಕ್ಕೇ ಗುಲಾಬಿ ಹೂವಿನ ಶುಭೋದಯ ಕಳುಹಿಸುವ ನಮ್ಮ ಬಂಧುಗಳಲ್ಲಿ ಅರ್ಧದಷ್ಟು ಮಂದಿ ಒಳಗಿರುತ್ತಿದ್ದರು.

ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ಒಪ್ಪಂದವಾದ ರೋಮ್ ಶಾಸನಕ್ಕೆ ಭಾರತ ಸೇರಿಲ್ಲ. ಆದರೂ ಅಳತೆಯಿಲ್ಲದ ಪದಗಳ ಬಗ್ಗೆ ಅದು ಹೇಳುವುದನ್ನು ಕೇಳಿ. ಅದರ 22ನೇ ವಿಧಿ, ಅಪರಾಧದ ವ್ಯಾಖ್ಯೆಯಲ್ಲಿ ಸಂದಿಗ್ಧತೆಯಿದ್ದರೆ ಅದನ್ನು ಆರೋಪಿಯ ಪರವಾಗಿ ಓದಬೇಕು ಎನ್ನುತ್ತದೆ. ಅಂದರೆ ನರಮೇಧದ ಆರೋಪ ಹೊತ್ತು ಹೇಗ್‌ನಲ್ಲಿ ನಿಂತವನಿಗೆ ಸಿಗುವ ಈ ಔದಾರ್ಯ, ಫೇಸ್‌ಬುಕ್‌ನಲ್ಲಿ ಶಾಸಕರನ್ನು ಹಂಗಿಸಿದವನಿಗೆ ಅವನ ತಾಲ್ಲೂಕಿನ ಠಾಣೆಯಲ್ಲಿ ಸಿಗುವುದಿಲ್ಲ. ನಮ್ಮ ಸಂವಿಧಾನದ 20(1)ನೇ ವಿಧಿಯೂ, ಕೃತ್ಯ ನಡೆದಾಗ ಜಾರಿಯಲ್ಲಿದ್ದ ಕಾನೂನನ್ನು ಮುರಿಯದ ಹೊರತು ಯಾರನ್ನೂ ಅಪರಾಧಿ ಎನ್ನುವಂತಿಲ್ಲ ಎಂದು ಸಾರುತ್ತದೆ. ಠಾಣೆಗೆ ಅದರಿಂದೇನೂ ತೊಂದರೆಯಿಲ್ಲ, ಏಕೆಂದರೆ ಅದಕ್ಕೆ ತೀರ್ಪು ಬೇಕಾಗಿಯೇ ಇಲ್ಲ. ಸಮನ್ಸು, ಜಾಮೀನು, ವಾಯಿದೆಗಳೇ ಸಾಕು.

ಕೊನೆಗೆ 2022ರ ಅಕ್ಟೋಬರ್ 12ರಂದು, ರದ್ದಾದದ್ದು ರದ್ದಾಗಿದೆ ಎಂದು ಸುಪ್ರೀಂ ಕೋರ್ಟೇ ಮತ್ತೊಮ್ಮೆ ಹೇಳಬೇಕಾಯಿತು. ಈ ಸೆಕ್ಷನ್ ಅಚ್ಚು ಹಾಕುವವರು ಅದು ಅಸಾಂವಿಧಾನಿಕವೆಂದು ಓದುಗರಿಗೆ ತಿಳಿಸಬೇಕು ಎಂದೂ ಆದೇಶಿಸಬೇಕಾಯಿತು. ದೇಶದ ಅತ್ಯುನ್ನತ ನ್ಯಾಯಾಲಯ ಪ್ರೂಫ್ ತಿದ್ದುವ ಕೆಲಸಕ್ಕೂ ಇಳಿಯಬೇಕಾದ ಈ ಪ್ರಹಸನಕ್ಕೆ ನಗುವಷ್ಟು ತಾಳ್ಮೆ ನನಗೆ ಉಳಿದಿಲ್ಲ. ಇಲ್ಲದ ಅಪರಾಧಕ್ಕಾಗಿ ಜನ ವರ್ಷಗಟ್ಟಲೆ ಕೋರ್ಟಿಗೆ ಅಲೆದರು, ಕೂಲಿ ಕಳೆದುಕೊಂಡರು, ಸಾಲ ಮಾಡಿ ವಕೀಲರಿಗೆ ಕೊಟ್ಟರು. ಆ ಹಣವನ್ನು ಎಫ್‌ಐಆರ್ ಬರೆದವರ ಸಂಬಳದಿಂದಲೇ ವಸೂಲಿ ಮಾಡಬೇಕು.