ಟೆಕ್ಡಿ ಇಳಿಯೋಕೆ ಕಾರ್ಬನ್ ಫುಲ್ ಸಸ್ಪೆನ್ಷನ್ ಬೇಕಾ?

ಪರ

ಗೆಳತಿಯೊಬ್ಬಳು ಎರಡು ತಿಂಗಳು ಊರಿಗೆ ಹೋಗೋ ಮುಂಚೆ ತನ್ನ ಕಾರ್ಬನ್ ಟ್ರೇಲ್ ಬೈಕನ್ನ, ಅಂದ್ರೆ ಗುಡ್ಡದ ಹಾದಿಗೆ ಮಾಡಿದ, ಹಿಂದೂ ಮುಂದೂ ಸಸ್ಪೆನ್ಷನ್ ಇರೋ ಸೈಕಲನ್ನ, ಪುಣೆಯ ಕೋಥ್ರೂಡಲ್ಲಿರೋ ನಮ್ಮನೇಲಿ ಬಿಟ್ಟು ಹೋದ್ಲು, ಸುಮ್ನೆ ನಿಲ್ಲಿಸ್ಬೇಡ ಓಡಿಸ್ತಾ ಇರು ಅಂತ. 29 ಇಂಚಿನ ಚಕ್ರ, ಹಿಂದೆ 140 ಮಿಲಿಮೀಟರ್ ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡೋ ದೂರ), ಮುಂದೆ 150. ನಾನು ಅಲ್ಲೀವರೆಗೂ ಓಡಿಸ್ತಿದ್ದದ್ದು ಅಲ್ಯೂಮಿನಿಯಂ ಹಾರ್ಡ್‌ಟೇಲ್, ಅಂದ್ರೆ ಹಿಂದೆ ಸಸ್ಪೆನ್ಷನ್ ಇಲ್ಲದ್ದು, ಅದ್ರಲ್ಲೇ ನಾಲ್ಕು ವರ್ಷ ವೇತಾಳ್ ಟೆಕ್ಡಿ (ಟೆಕ್ಡಿ ಅಂದ್ರೆ ಗುಡ್ಡ) ಹತ್ತಿ ಇಳಿದಿದೀನಿ.

ಮೊದಲನೇ ದಿನ ಏನೂ ವಿಶೇಷ ಅನ್ನಿಸ್ಲಿಲ್ಲ, ಬರೀ ಗಟ್ಟಿ ಗಟ್ಟಿ. ಆಮೇಲೆ ಗೊತ್ತಾಯ್ತು ಹಿಂದಿನ ಕುಲುಕು ತಡೆಯೋ ಶಾಕ್‌ನಲ್ಲಿದ್ದ ಗಾಳಿ ಅವಳ ತೂಕಕ್ಕೆ ಹಾಕಿದ್ದು ಅಂತ. ಪಕ್ಕದ ಬಿಲ್ಡಿಂಗ್ ಕಾಕಾ ಹ್ಯಾಂಡಲ್ ಹಿಡ್ಕೊಂಡ್ರು, ನಾನು ಹೆಲ್ಮೆಟ್, ನೀರಿನ ಬ್ಯಾಗ್ ಸಮೇತ ಹತ್ತಿ ಕೂತೆ, ಶಾಕ್ ಮೇಲಿರೋ ಸಣ್ಣ ರಬ್ಬರ್ ರಿಂಗನ್ನ ಹಿಂದಕ್ಕೆ ತಳ್ಳಿ, ಮೆಲ್ಲಗೆ ಇಳಿದು ನೋಡಿದ್ರೆ ರಿಂಗ್ ಸರಿದಿದ್ದು ಬರೀ 9 ಮಿಲಿಮೀಟರ್. ಶಾಕ್ ಒಟ್ಟು ಕುಗ್ಗೋ ಉದ್ದ (ಸ್ಟ್ರೋಕ್) 55 ಮಿಲಿಮೀಟರ್, ಕೂತಾಗ ಅದ್ರ ನೂರಕ್ಕೆ ಮೂವತ್ತು ಅಂದ್ರೆ 16ರ ಹತ್ರ ಬರ್ಬೇಕು. ಸ್ವಲ್ಪ ಸ್ವಲ್ಪ ಗಾಳಿ ಬಿಡ್ತಾ ಹೋದ್ವಿ, 16ಕ್ಕೆ ಬಂದು ನಿಂತ್ಮೇಲೆ ಬೈಕೇ ಬೇರೆ. ಇದನ್ನ ಮಾಡ್ದೆ ಅರ್ಧ ಗಂಟೆ ಓಡಿಸಿ ಇದು ಪ್ರಯೋಜನ ಇಲ್ಲ ಅನ್ನೋರು ಬೈಕನ್ನ ನೋಡೇ ಇಲ್ಲ ಅಂತೀನಿ.

ಟೆಕ್ಡಿಯ ಕಲ್ಲು ಕ್ವಾರಿ ಕಡೆ ಇಳಿಜಾರು ಗೊತ್ತಿರೋರಿಗೆ ಗೊತ್ತು, ಕೆಳಗೆ ಗಟ್ಟಿ ಕರಿಕಲ್ಲು, ಮೇಲೆ ಸಡಿಲ ಜಲ್ಲಿ. ಅಲ್ಲಿ ಹಾರ್ಡ್‌ಟೇಲ್‌ನ ಹಿಂದಿನ ಚಕ್ರ ಕಲ್ಲು ಕಲ್ಲಿಗೂ ನೆಲ ಬಿಟ್ಟು ಏಳುತ್ತೆ, ಗಾಳಿಯಲ್ಲಿರೋ ಚಕ್ರಕ್ಕೆ ಬ್ರೇಕ್ ಹಿಡಿದು ಏನು ಮಾಡೋದು, ಜಾರುತ್ತೆ ಅಷ್ಟೇ. ಈ ಬೈಕಲ್ಲಿ ಚಕ್ರ ನೆಲಕ್ಕೆ ಅಂಟಿಕೊಂಡೇ ಇರುತ್ತೆ, ಬ್ರೇಕ್ ಹಿಡಿದ ಕಡೆ ನಿಲ್ಲುತ್ತೆ, ಅಂದ್ರೆ ನಾನು ಮೊದಲಿಗಿಂತ ನಿಧಾನವಾಗಿ, ಹೆದರದೆ ಇಳೀತೀನಿ. ಸಸ್ಪೆನ್ಷನ್ ಇಳಿಯೋಕೆ ಮಾತ್ರ ಅನ್ನೋದೂ ತಪ್ಪು. ಕಲ್ಲಿನ ಮೆಟ್ಟಿಲ ಥರ ಇರೋ ಏರಲ್ಲಿ ಸೀಟಲ್ಲಿ ಕೂತೇ ತುಳಿಯಬಹುದು, ಮುಂಚೆ ಅಲ್ಲೇ ಇಳಿದು ತಳ್ತಿದ್ದೆ.

ಕಾರ್ಬನ್ ಯಾಕೆ ಅಂತೀರಾ? ಅದೇ ಮಾಡೆಲ್‌ನ ಅಲ್ಯೂಮಿನಿಯಂ ಫ್ರೇಮಿಗಿಂತ ಅರ್ಧ ಕೆಜಿಯಿಂದ ಒಂದು ಕೆಜಿ ಕಮ್ಮಿ, ಆದ್ರೆ ನಂಗೆ ತೂಕಕ್ಕಿಂತ ಆಯಸ್ಸು ಮುಖ್ಯ. ಅಲ್ಯೂಮಿನಿಯಂ ಪ್ರತಿ ಕುಲುಕಿಗೂ ಸ್ವಲ್ಪ ಸ್ವಲ್ಪ ದಣೀತಾ ಬರುತ್ತೆ, ಕಾರ್ಬನ್ ನೂಲಿನ ಪದರಕ್ಕೆ ಆ ದಣಿವು ತುಂಬಾ ಕಮ್ಮಿ. ಬಿರುಕು ಬಿಟ್ರೂ ಆ ಜಾಗ ಉಜ್ಜಿ ಹೊಸ ಪದರ ಕೂರಿಸಿ ರಿಪೇರಿ ಮಾಡ್ತಾರೆ, ಅಲ್ಯೂಮಿನಿಯಂ ಫ್ರೇಮಿಗೆ ವೆಲ್ಡ್ ಆದ್ಮೇಲೆ ಸಾಮಾನ್ಯವಾಗಿ ಮತ್ತೆ ಹೀಟ್ ಟ್ರೀಟ್‌ಮೆಂಟ್ ಬೇಕು, ಅದು ಬೀದಿ ವೆಲ್ಡರ್ ಕೈಲಿ ಆಗೋ ಕೆಲಸ ಅಲ್ಲ. ದುಡ್ಡು ಜಾಸ್ತಿ, ಒಪ್ತೀನಿ. 2025ರ ಸೆಪ್ಟೆಂಬರಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ, ಹತ್ತು ವರ್ಷ ಇಟ್ಕೊಳ್ಳೋ ವಸ್ತು, ನಾನು ಉಳಿಸೋಕೆ ಶುರು ಮಾಡಿದೀನಿ.

ವಿರೋಧ

ನಾನ ಆ ಪಕ್ಕದ ಬಿಲ್ಡಿಂಗ್ ಕಾಕಾ. ಅದೇ ಬೈಕ್ ಎರಡು ರವಿವಾರ ನಾನೂ ಓಡಿಸೀನಿ, ಛಲೋ ಅದ, ಅದರಾಗ ಎರಡು ಮಾತಿಲ್ಲ. ಆದ್ರ ನಮ್ಮ ಟೆಕ್ಡಿಗೆ ಬೇಕೇನು ಅಂದ್ರ ಬ್ಯಾಡ ಅಂತೀನಿ.

ಪುಣೆ ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಎತ್ತರ, ವೇತಾಳ್ ಟೆಕ್ಡಿ ತುದಿ ಸುಮಾರು 800. ತುದಿಯಿಂದ ಬುಡದ ತನಕ ಇಳದ್ರೂ 240 ಮೀಟರ್ ಅಷ್ಟ. ಅಷ್ಟರೊಳಗ ಬೆಳಿಗ್ಗೆ ಆರಕ್ಕ ಕೋಲು ಹಿಡಕೊಂಡ ಆಜೋಬಾ, ಅಂದ್ರ ಅಜ್ಜಂದಿರು, ಬರ್ತಾರ, ಹುಡುಗ್ರು ಬರ್ತಾವ, ನಾಯಿ ಬರ್ತಾವ. ಇದು ನಡಿಯೋರ ಗುಡ್ಡ, ಆಮ್ಯಾಲೆ ನಮ್ಮದು. ಮ್ಯಾಲೆ ಬರದಾಕಿ ನಿಧಾನ ಇಳೀತೀನಿ ಅಂತಾಳ, ಖರೇ ಹಂಗ ಇಳೀತಾಳ, ನಾ ನೋಡೀನಿ, ಆದ್ರ ಎಲ್ಲಾರೂ ಅಕಿ ಹಂಗ ಇರೂದಿಲ್ಲ. ಕುಲುಕು ತಾಕಲಿಲ್ಲಂದ್ರ ಎಷ್ಟು ಜೋರಾಗಿ ಹೊಂಟೀವಿ ಅನ್ನೂದ ತಿಳಿಯೂದಿಲ್ಲ. ಎರಡನೇ ರವಿವಾರ ಒಂದು ತಿರುವಿನಾಗ ನನಗೂ ಹಂಗ ಆತು, ಎದುರಿಗೆ ಒಬ್ಬರು ಅಜ್ಜಿ ಮೊಮ್ಮಗನ ಕೈ ಹಿಡಕೊಂಡು ನಿಂತಿದ್ರು, ಬ್ರೇಕ್ ಹತ್ತಿತು, ಎದಿ ಮಾತ್ರ ಸಂಜಿ ತನಕ ಹೊಡಕೋತಿತ್ತು.

ಇನ್ನ ದುರಸ್ತಿ ಮಾತು. ಫೋರ್ಕ್ ಅಂದ್ರ ಮುಂದಿನ ಚಕ್ರ ಹಿಡಿಯೂ ಸಸ್ಪೆನ್ಷನ್ ಕವಲು, ಹಲವು ಫೋರ್ಕಿನ ಮ್ಯಾನುವಲ್‌ನಾಗ 50 ತಾಸಿಗೊಮ್ಮೆ ಲೋವರ್ (ಕೆಳಗಿನ ಕೊಳವಿ) ಬಿಚ್ಚಿ ಎಣ್ಣಿ ಬದಲಿಸ್ರಿ ಅಂತ ಬರದಿರ್ತದ. ವಾರಕ್ಕ ಆರು ತಾಸು ಓಡಿಸಿದ್ರ ಎರಡು ತಿಂಗಳಿಗೆ ಒಂದು ಸಲ ಆತು. ಹಿಂದಿನ ಶಾಕ್ ಬ್ಯಾರೆ, ಪಿವಟ್ ಬೇರಿಂಗ್ (ಹಿಂದಿನ ಭಾಗ ಆಡೂ ಕೀಲಿಂದು) ಬ್ಯಾರೆ. ಜೂನ್ ತಿಂಗಳಿಗೆ ಮಳಿ ಹತ್ತಿದ ಮ್ಯಾಲೆ ನಮ್ಮ ಕಡೆ ರಾಡಿ ಹೆಂಗಿರ್ತದ ಗೊತ್ತದ ಅಲ್ಲ, ಆ ಕೀಲಿನ ಒಳಗ ಹೋಗಿ ಕೂತು ಒಣಗಿ ಸಿಮೆಂಟ್ ಆಗ್ತದ. ನನ್ನ ಹತ್ರ ಮೊದಲ ಒಂದು ಅಲ್ಯೂಮಿನಿಯಂ ಫುಲ್ ಸಸ್ಪೆನ್ಷನ್ ಇತ್ತು. ಸೀಟ್ ಹಿಡದು ಎತ್ತಿದ್ರ ಕೈಗೆ ಸಣ್ಣಗೆ ಟಕ್ ಅಂತಿತ್ತು, ಬೇರಿಂಗ್ ಹೋಗಿತ್ತು. ಅಂಗಡ್ಯಾಗ ಬಿಟ್ಟೆ, ಸಾಮಾನು ಹೊರದೇಶದಿಂದ ಬರಬೇಕು ಅಂತ ಹೇಳಿ ಆರು ವಾರ ಇಟಗೊಂಡ್ರು, ಮಳಿಗಾಲದ ಹಸಿರು ಅರ್ಧ ಹಂಗ ಹೋತು. ಆಮ್ಯಾಲೆ ಅದನ್ನ ಮಾರಿ ಹಾರ್ಡ್‌ಟೇಲಿಗೆ ವಾಪಸ್ ಬಂದೆ.

ಕಾರ್ಬನ್ ಭಾಳ ದಣಿಯೂದಿಲ್ಲ ಅನ್ನೂದು ಖರೆ, ಆದ್ರ ಚೂಪು ಕಲ್ಲಿನ ಏಟು ಬ್ಯಾರೆ. ಹೋದ ವಾರ ಡೌನ್ ಟ್ಯೂಬಿನ, ಅಂದ್ರ ಫ್ರೇಮಿನ ಕೆಳಗಿನ ಕೊಳವಿಯ, ಕೆಳಗ ಒಂದು ಕಲ್ಲು ಹಾರಿ ಬಡೀತು. ಮನಿಗೆ ಬಂದು ಇಬ್ಬರೂ ಬೈಕ್ ತಿರುವಿ ಹಾಕಿ ಐದು ರೂಪಾಯಿ ನಾಣ್ಯದಿಂದ ಒಂದೊಂದ ಇಂಚು ಬಡದು ಕಿವಿಗೊಟ್ಟು ಕೇಳಿದ್ವಿ, ಒಳಗ ಪದರ ಬಿಟ್ಟಿದ್ರ ಆ ಜಾಗದಾಗ ದನಿ ಮಂದ ಆಗ್ತದ. ದನಿ ಎಲ್ಲಾ ಕಡೆ ಒಂದ ಥರ ಬಂತು, ಬಣ್ಣ ಅಷ್ಟ ಕಿತ್ತಿತ್ತು. ಆದ್ರೂ ನಾಣ್ಯದ ಮ್ಯಾಲೆ ಎಷ್ಟು ಭರವಸಾ ಇಡೂದು? ಅಲ್ಯೂಮಿನಿಯಂಗೆ ತಗ್ಗು ಬಿದ್ರ ಕಣ್ಣಿಗೆ ಕಾಣ್ತದ. ಬೋಲ್ಟ್ ಬಿಗಿ ಮಾಡ್ಲಿಕ್ಕೂ ಬಿಗಿತ ಅಳಿಯೂ ಟಾರ್ಕ್ ರೆಂಚ್ ಬೇಕು, 5 ನ್ಯೂಟನ್ ಮೀಟರ್ ಅಂತ ಬರದಿದ್ರ ಐದ, ಕೈ ಅಂದಾಜು ನಡಿಯೂದಿಲ್ಲ. ಸೆಕೆಂಡ್ ಹ್ಯಾಂಡ್ ತೊಗೊಳ್ಳೋರು ಇನ್ನೊಂದು ನೋಡ್ರಿ, ಲೈಫ್‌ಟೈಮ್ ವಾರಂಟಿ ಅಂತ ಕೊಡೂದು ಸಾಮಾನ್ಯವಾಗಿ ಮೊದಲನೇ ಮಾಲಕರಿಗೆ.

120 ಅಥವಾ 130 ಮಿಲಿಮೀಟರ್ ಟ್ರಾವೆಲ್ ಫೋರ್ಕ್, ಡ್ರಾಪರ್ ಪೋಸ್ಟ್ (ಓಡಿಸ್ತಾನ ಸೀಟ್ ಇಳಸೂ ಕಂಬ), 2.4 ಇಂಚಿನ ಟ್ಯೂಬ್‌ಲೆಸ್ ಟೈರ್, ಛಲೋ ಬ್ರೇಕ್ ಇರೂ ಅಲ್ಯೂಮಿನಿಯಂ ಹಾರ್ಡ್‌ಟೇಲ್ ತೊಗೋರಿ. ಟೈರಿನ ಗಾಳಿ ಸ್ವಲ್ಪ ಕಮ್ಮಿ ಇಟ್ರ ಅಕಿ ಹೇಳೂ ಹಿಡಿತ ಪೂರಾ ಅಲ್ಲದಿದ್ರೂ ಅರ್ಧಕ್ಕಿಂತ ಹೆಚ್ಚು ಅಲ್ಲೇ ಸಿಗ್ತದ. ಉಳದ ರೊಕ್ಕದಾಗ ಸಹ್ಯಾದ್ರಿ ತುಂಬ ತಿರಗಬಹುದು.

ಮತ್ತ ತಂಗಿ, ಬೈಕ್ ವಾಪಸ್ ಕೊಡೂ ಮೊದಲ ಆ ಪಿವಟ್ ಒಮ್ಮೆ ಬಿಚ್ಚಿ ಒರಸಿ ಗ್ರೀಸ್ ಹಚ್ಚೋಣ, ಶನಿವಾರ ಸಂಜಿಗೆ ಬಾ, ಟಾರ್ಕ್ ರೆಂಚ್ ನನ್ನ ಕಡೆ ಅದ.